ತಕ್ಕದ್ದು

ಈರೀ ಸರೋವರದ ದಂಡೆಯ ಈ ಸಣ್ಣ ಊರಿನ ಠಾಣೆಯಲ್ಲಿ
ಕೈಪಿಡಿಯ ಮೊದಲ ಅಧ್ಯಾಯ ನನ್ನ ಸುಪರ್ದು.
ಪದಗಳಿಗೆ ಅರ್ಥ ಹಚ್ಚುವ ಅಧ್ಯಾಯ.
ಹಚ್ಚುವವರು ನಗರಸಭೆಯ ವಕೀಲರು. ನಾನು ಟೈಪು ಮಾಡಿ,
ಮೂರು ತೂತು ಹೊಡೆದು, ಹೊಸ ಹಾಳೆ ಪೋಣಿಸಿ,
ಹಳೆಯದನ್ನು ಹರಿಯುವ ಯಂತ್ರದ ಬಾಯಿಗೆ ಕೊಡುವವಳು.
ಇಪ್ಪತ್ತೆರಡು ವರ್ಷವಾಯಿತು.

ರಾತ್ರಿ: ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರದ ಹೊತ್ತು.
ಜನವರಿಯಲ್ಲಿ ಅದು ಸಂಜೆಯ ಕಾಫಿಗೇ ಬಂದು ಕೂರುತ್ತದೆ.
ಸದಸ್ಯ: ಬಿಲ್ಲೆ ಸಂಖ್ಯೆ ಪಡೆದ ಯಾರೇ ಆಗಲಿ.
ರೋಲ್ಫ್ ಎಂಬ ನಾಯಿಗೆ ಬಿಲ್ಲೆಯಿದೆ; ಅವನು ಸದಸ್ಯ.
ನಾನು ‘ಇತರೆ’.
ಅವನ ಹುಟ್ಟುಹಬ್ಬಕ್ಕೆ ಲಿವರ್ ಬೇಯಿಸಿ ತರುವವಳೂ ಈ ಇತರೆಯೇ.
ವ್ಯಕ್ತಿ: ಪೊಲೀಸರ ಗಮನಕ್ಕೆ ಬಂದವರು.
ಬರುವವರೆಗೂ ಅವರಿಗೊಂದು ಹೆಸರಿರುತ್ತದೆ.

ಹೊಸಬರ ಮೊದಲ ದಿನ ಸಾರ್ಜೆಂಟ್ ಪ್ರೊಹಾಸ್ಕಾ
ಹಲಗೆಯ ಮೇಲೆ ಎರಡೇ ಪದ ಬರೆಯುತ್ತಾನೆ.
‘ತಕ್ಕದ್ದು’ ಅಂದರೆ, ಮಾಡದಿದ್ದರೆ ಅನ್ನಕ್ಕೆ ಕಲ್ಲು.
‘ಬಹುದು’ ಅಂದರೆ, ನಿಮ್ಮ ವಿವೇಚನೆ.
ಸಿಕ್ಕಿಬಿದ್ದ ದಿನ, ಮಕ್ಕಳೇ, ಬಹುದು ಇರುವ ಪುಟ ಹುಡುಕಿ.
ಎಲ್ಲರೂ ನಗುತ್ತಾರೆ.
ಬಾಗಿಲ ಬಳಿ ಸಹಿಯ ಪಟ್ಟಿ ಹಿಡಿದು ನಿಂತ ನಾನೂ.

ಫೆಬ್ರವರಿ. ಲಮಾಂಡ್ ಯೂಬ್ಯಾಂಕ್ಸ್‌ಗೆ ಹತ್ತೊಂಬತ್ತು.
ಕೊನೆಯ ಬಸ್ಸಿಗೆಂದು ಓಡುತ್ತಿದ್ದ,
ಲಾಂಡ್ರಿಯಲ್ಲಿ ಆಗಷ್ಟೇ ಒಣಗಿಸಿದ ದುಪಟಿಗಳನ್ನು ಎದೆಗವಚಿ.
ಕೂಗು ಕೇಳಲಿಲ್ಲವೋ, ಕೇಳಿ ತಿರುಗಿದ್ದೇ ತಪ್ಪಾಯಿತೋ,
ವರದಿಯಲ್ಲಿ ಎರಡೂ ಇದೆ.
ಹಿಮದ ಮೇಲೆ ಹನ್ನೊಂದು ನಿಮಿಷ.
ಪಕ್ಕದಲ್ಲಿ ಬಟ್ಟೆ ಇನ್ನೂ ಹಬೆಯಾಡುತ್ತಿತ್ತು.
ಕಾರಿನ ಡಿಕ್ಕಿಯಲ್ಲಿ ಚಿಕಿತ್ಸೆಯ ಚೀಲ, ಝಿಪ್ಪು ತೆರೆಯದೆ.

ನಾಲ್ಕು ಬಿಂದು ಹನ್ನೆರಡು:
ಗಾಯಗೊಂಡ ವ್ಯಕ್ತಿಗೆ ಪ್ರಥಮ ಚಿಕಿತ್ಸೆ ನೀಡಬಹುದು.

ವಿಚಾರಣೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು.
ಹಿಂದಿನ ಬೆಂಚಿನಲ್ಲಿ ನನ್ನ ಬೆರಳುಗಳು ಗುರುತು ಹಿಡಿದವು.
ಆರು ವರ್ಷದ ಹಿಂದೆ ಅಲ್ಲಿ ‘ತಕ್ಕದ್ದು’ ಇತ್ತು.
ವಿಮೆಯವರು ಬೇಡವೆಂದರು. ಒಂದು ಗುರುವಾರ,
ಎಡಗೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು, ನಾನೇ ಬದಲಿಸಿದ್ದೆ.

‘ವಿವೇಕಯುತ: ಅದೇ ಸ್ಥಿತಿಯಲ್ಲಿ ವಿವೇಕಿಯಾದ ಅಧಿಕಾರಿ ಮಾಡುತ್ತಿದ್ದಂಥದು’
ಎಂದು ವಕೀಲರು ಮುಗಿಸುವ ಮೊದಲೇ ತಾಯಿ ಒಡೆಸ್ಸಾ ಎದ್ದಳು.
ವಿವೇಕವೆಂದರೆ ವಿವೇಕಿ ಮಾಡುವುದು. ಸರಿ, ವಿವೇಕಿಯೆಂದರೆ?
ನನ್ನ ಮೂರನೇ ತರಗತಿಯ ಮಕ್ಕಳು ಹೀಗೆ ಬರೆದರೆ
ಸೊನ್ನೆ ಸುತ್ತುತ್ತೇನೆ, ಸ್ವಾಮಿ.
ಅಂದು ಕೂತಳು. ಕೋಟು ಬಿಚ್ಚಿರಲೇ ಇಲ್ಲ.

ಮೇ ತಿಂಗಳಲ್ಲಿ ಆದೇಶ ಬಂತು. ಒಂದು ಪದ ತೆಗೆ, ಒಂದು ಹಾಕು.
ಎರಡಕ್ಕೂ ಮೂರೇ ಅಕ್ಷರ; ಒಂದರಲ್ಲಿ ಒತ್ತಿದೆ.
ಸಾಲು ಅಲುಗಲಿಲ್ಲ, ಪುಟ ಬೆಳೆಯಲಿಲ್ಲ.
ಇಷ್ಟು ಸಲೀಸಾಗಿ ಕೂರಬಾರದಿತ್ತು ಅನ್ನಿಸಿತು.

ಸಹಿಯ ಪಟ್ಟಿಯೊಂದಿಗೆ ಮೇಜಿಂದ ಮೇಜಿಗೆ ನಡೆದೆ.
ಪ್ರೊಹಾಸ್ಕಾ ಓದದೆ ಗೀಚಿದ. ಇಬ್ಬರು ಓದಿದರು.
ಆ ರಾತ್ರಿ ಗುಂಡು ಹಾರಿಸಿದ್ದ ಹ್ಯಾಲೊರನ್
ಪೆನ್ನು ತೆಗೆದುಕೊಂಡು ಕೇಳಿದ: ಯಾವಾಗಿನಿಂದ ಜಾರಿ?
ಇವತ್ತಿನಿಂದ, ಅಂದೆ.
ತಾರೀಖಿನ ಜಾಗದಲ್ಲಿ ಫೆಬ್ರವರಿ ಎಂದು ಬರೆದ.
ನೋಡಿದ. ಹೊಡೆದುಹಾಕಿದ.
ಬದಿಯಲ್ಲಿ, ಚಿಕ್ಕದಾಗಿ, ಮೇ.

ರದ್ದಾದ ಹಾಳೆಯನ್ನು ಅದೇ ದಿನ ನಾಶಪಡಿಸತಕ್ಕದ್ದು,
ಎರಡನೇ ಅಧ್ಯಾಯ, ಮೂರನೇ ಪ್ಯಾರಾ.
ನನ್ನ ಕೈಚೀಲದಲ್ಲಿದೆ ಅದು, ನಾಲ್ಕು ಮಡಿಕೆಯಾಗಿ,
ರೋಲ್ಫ್‌ನ ಬಿಸ್ಕತ್ತಿನ ಪೊಟ್ಟಣದ ಕೆಳಗೆ.
ಯಾರಾದರೂ ಕೇಳಬಹುದು.